ಸೇದುವವನನ್ನು ಬಿಟ್ಟು ಮಾರುವವನನ್ನು ಕೇಳಿದವರು

ಧರ್ಮ ದೇವಸ್ಥಾನದೊಳಗಿರಲಿ, ಸರ್ಕಾರ ಶಾಸನಸಭೆಯೊಳಗಿರಲಿ, ಸಿಗರೇಟು ಸೇದುವವನ ಜೇಬಿನೊಳಗಿರಲಿ, ಮೂರನ್ನೂ ಬೆರೆಸಬೇಡಿ. ಅಮೆರಿಕದ ಧಾರ್ಮಿಕ ಸಂಸ್ಥೆಗಳು ತಂಬಾಕು ನಿಯಂತ್ರಣದ ಕಾನೂನಿಗಾಗಿ ಒಟ್ಟಾಗಿ ಓಡಾಡಿದ ಸಂಗತಿಯನ್ನು ಪ್ರಸ್ತಾಪಿಸಿದಾಗಲೆಲ್ಲ ಮೊದಲು ಎದುರಾಗುವ ಉತ್ತರ ಈ ಧಾಟಿಯದು. ಹೀಗೆ ಹೇಳುವವರಲ್ಲಿ ಧರ್ಮದ ಗೊಡವೆಯೇ ಬೇಡವೆನ್ನುವ ವಿಚಾರವಾದಿಗಳಿದ್ದಾರೆ, ಸರ್ಕಾರವೆಂದರೆ ಸಿಡಿಮಿಡಿಗೊಳ್ಳುವ ಮುಕ್ತ ಮಾರುಕಟ್ಟೆಯವರಿದ್ದಾರೆ, ಪ್ರವಚನ ಬಿಟ್ಟು ಬೇರೇನೂ ಮಾಡಬಾರದೆನ್ನುವ ಶ್ರದ್ಧಾವಂತರೂ ಇದ್ದಾರೆ. ಮೂವರ ಕಾರಣವೂ ಬೇರೆ ಬೇರೆ. ಹಾಗಾಗಿ ಒಂದೇ ಮಾತಿನಲ್ಲಿ ಉತ್ತರ ಕೊಟ್ಟು ಮುಗಿಸುವಂತಿಲ್ಲ.

ನಡೆದದ್ದು ಇಷ್ಟು. 1996ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ, ಅಂದರೆ ಎಫ್‌ಡಿಎಯ, ಮುಖ್ಯಸ್ಥರಾಗಿದ್ದ ಡೇವಿಡ್ ಕೆಸ್ಲರ್ ಸಿಗರೇಟಿನ ನಿಕೋಟಿನ್ ಒಂದು ಮಾದಕ ಔಷಧ, ಅದು ತಮ್ಮ ಅಧಿಕಾರದ ವ್ಯಾಪ್ತಿಗೆ ಬರುತ್ತದೆ ಎಂದು ಘೋಷಿಸಿದರು. ಕಂಪನಿಗಳು ನ್ಯಾಯಾಲಯಕ್ಕೆ ಹೋದವು. 2000ದ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕರ ಬಹುಮತದಿಂದ ಆ ನಿಯಮವನ್ನು ತಳ್ಳಿಹಾಕಿತು. ತಂಬಾಕಿನ ಅಪಾಯವನ್ನು ನ್ಯಾಯಾಲಯ ಅಲ್ಲಗಳೆಯಲಿಲ್ಲ. ಈ ಅಧಿಕಾರವನ್ನು ಸಂಸತ್ತು ಎಫ್‌ಡಿಎಗೆ ಕೊಟ್ಟಿಲ್ಲ, ಬೇಕಾದರೆ ಸಂಸತ್ತೇ ಕೊಡಲಿ ಎಂದಿತು. ಬಿಸ್ಕತ್ತಿನಲ್ಲಿ ಏನಿರಬೇಕು, ಏನಿರಬಾರದು ಎಂದು ಹೇಳಬಲ್ಲ ಸಂಸ್ಥೆಗೆ ಸಿಗರೇಟಿನ ವಿಷಯದಲ್ಲಿ ಬಾಯಿ ತೆರೆಯುವ ಹಕ್ಕಿಲ್ಲ ಎಂಬ ಸ್ಥಿತಿ ಮತ್ತೆ ಒಂಬತ್ತು ವರ್ಷ ಮುಂದುವರಿಯಿತು. ಕೊನೆಗೆ 2009ರ ಜೂನ್ 22ರಂದು ಅಧ್ಯಕ್ಷ ಬರಾಕ್ ಒಬಾಮ ಹೊಸ ತಂಬಾಕು ನಿಯಂತ್ರಣ ಕಾಯಿದೆಗೆ ಸಹಿ ಹಾಕಿದರು.

ಆ ಒಂಬತ್ತು ವರ್ಷಗಳಲ್ಲಿ ಸಂಸದರ ಬಾಗಿಲು ತಟ್ಟಿದವರಲ್ಲಿ ವೈದ್ಯರಿದ್ದರು, ಕ್ಯಾನ್ಸರ್ ಸಂಘಗಳಿದ್ದವು. ಅವರ ಜೊತೆಗೆ ‘ಫೇತ್ ಯುನೈಟೆಡ್ ಅಗೇನ್ಸ್ಟ್ ಟೊಬ್ಯಾಕೊ’ ಎಂಬ ಒಕ್ಕೂಟವೂ ಇತ್ತು. ಯುನೈಟೆಡ್ ಮೆಥಡಿಸ್ಟರು, ಸದರ್ನ್ ಬ್ಯಾಪ್ಟಿಸ್ಟರು, ಸೆವೆಂತ್-ಡೇ ಅಡ್ವೆಂಟಿಸ್ಟರು, ಉತ್ತರ ಅಮೆರಿಕದ ಇಸ್ಲಾಮಿಕ್ ಸೊಸೈಟಿ, ಸುಧಾರಣಾವಾದಿ ಯೆಹೂದಿಗಳು ಅದರಲ್ಲಿ ಒಟ್ಟಿಗೆ ಕುಳಿತಿದ್ದರು. ಗರ್ಭಪಾತದ ಮಾತು ಬಂದರೆ, ಸಲಿಂಗ ವಿವಾಹದ ಮಾತು ಬಂದರೆ, ಪ್ಯಾಲೆಸ್ಟೀನಿನ ಮಾತು ಬಂದರೆ ಇವರು ಒಂದೇ ಮೇಜಿನಲ್ಲಿ ಕೂರುವವರಲ್ಲ. ಇಂಥವರು ಒಂದು ಬೇಡಿಕೆಗೆ ಒಪ್ಪಿದರೆಂದರೆ ಆ ಬೇಡಿಕೆ ಯಾವುದೇ ಒಂದು ಧರ್ಮಗ್ರಂಥದಿಂದ ಹುಟ್ಟಿದ್ದಾಗಿರಲು ಸಾಧ್ಯವಿಲ್ಲ. ಅವರು ಮಾಡಿದ್ದು ಸರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಸೇದುವವನ ಪಾಪವನ್ನು ಎಣಿಸುವ ಹಳೆಯ ಚಾಳಿ ಬಿಟ್ಟು ಮಾರುವವನ ಹೊಣೆಯನ್ನು ಕೇಳಲು ಅವರು ಕಲಿತರು. ಟೀಕಾಕಾರರು ಗಮನಿಸದೆ ಬಿಡುವುದು ಈ ಬದಲಾವಣೆಯನ್ನೇ.

ಧರ್ಮ ಮತ್ತು ಪ್ರಭುತ್ವ ಬೇರೆಯಿರಬೇಕು ಎಂಬ ಆಕ್ಷೇಪವನ್ನು ಮೊದಲು ನೋಡೋಣ. ಈ ತತ್ವದಲ್ಲಿ ನನಗೂ ಗಾಢವಾದ ನಂಬಿಕೆಯಿದೆ. ಆದರೆ ಅಮೆರಿಕದಲ್ಲಿ ಅದರ ಚರಿತ್ರೆ ಏನು? ಧರ್ಮ ಮತ್ತು ಪ್ರಭುತ್ವದ ನಡುವೆ ಗೋಡೆಯಿರಬೇಕು ಎಂಬ ಪ್ರಸಿದ್ಧ ಮಾತನ್ನು ಥಾಮಸ್ ಜೆಫರ್ಸನ್ ಬರೆದದ್ದು 1802ರಲ್ಲಿ, ಕನೆಕ್ಟಿಕಟ್ ರಾಜ್ಯದ ಡ್ಯಾನ್‌ಬರಿಯ ಬ್ಯಾಪ್ಟಿಸ್ಟರಿಗೆ ಕಳಿಸಿದ ಪತ್ರದಲ್ಲಿ. ಸರ್ಕಾರದ ಕೃಪೆ ಪಡೆದ ಇನ್ನೊಂದು ಚರ್ಚಿನ ಕೈಯಲ್ಲಿ ಕಿರುಕುಳ ಅನುಭವಿಸಿದ್ದ ಬ್ಯಾಪ್ಟಿಸ್ಟರಿಗೇ ಆ ಗೋಡೆ ಎಲ್ಲರಿಗಿಂತ ಹೆಚ್ಚು ಬೇಕಿತ್ತು. ಸರ್ಕಾರ ಯಾವುದೇ ಮತವನ್ನು ಹೇರಬಾರದು, ಯಾರ ಮತಾಚರಣೆಗೂ ಅಡ್ಡಿಪಡಿಸಬಾರದು ಎಂಬುದು ಆ ಗೋಡೆಯ ಅರ್ಥ. ನಂಬಿಕೆಯುಳ್ಳ ಪ್ರಜೆ ಸಾರ್ವಜನಿಕ ವಿಷಯದಲ್ಲಿ ಮಾತಾಡಕೂಡದು ಎಂದು ಅದು ಎಂದೂ ಹೇಳಿಲ್ಲ. ಹಾಗೆ ಹೇಳಿದ್ದರೆ ಮಾರ್ಟಿನ್ ಲೂಥರ್ ಕಿಂಗ್ ಪ್ರವಚನಪೀಠದಿಂದ ಕೆಳಗಿಳಿಯುವಂತೆಯೇ ಇರಲಿಲ್ಲ.

ಒಂದು ಕಾನೂನು ಧರ್ಮದ ಹೇರಿಕೆಯೋ ಅಲ್ಲವೋ ಎಂದು ತಿಳಿಯಲು ಸುಲಭವಾದ ದಾರಿಯಿದೆ. ಅದನ್ನು ಒಪ್ಪಲು ಯಾವುದಾದರೂ ಧರ್ಮಗ್ರಂಥವನ್ನು ಒಪ್ಪಲೇಬೇಕೇ ಎಂದು ಕೇಳಿಕೊಂಡರಾಯಿತು. 2009ರ ಕಾಯಿದೆಯಲ್ಲಿ ಏನಿದೆ? ಹಣ್ಣು, ಮಿಠಾಯಿಗಳ ಸ್ವಾದ ಬೆರೆಸಿದ ಸಿಗರೇಟು ಮಾರಬಾರದು. ಪೊಟ್ಟಣದ ಮೇಲೆ ‘ಲೈಟ್’, ‘ಮೈಲ್ಡ್’ ಎಂದು ಬರೆದು ಮೋಸ ಮಾಡಬಾರದು. ಪುಕ್ಕಟೆ ಸಿಗರೇಟು ಹಂಚಬಾರದು. ಒಳಗೆ ಏನು ಹಾಕಿದ್ದೀರಿ ಎಂದು ಎಫ್‌ಡಿಎಗೆ ತಿಳಿಸಬೇಕು. ಈ ಉಸ್ತುವಾರಿಯ ಖರ್ಚನ್ನೂ ಕಂಪನಿಗಳೇ ಶುಲ್ಕವಾಗಿ ತೆರಬೇಕು. ಇದನ್ನೆಲ್ಲ ಒಪ್ಪಲು ಬೈಬಲ್ಲೂ ಬೇಡ, ಕುರಾನೂ ಬೇಡ. ದೇವರಿಲ್ಲ ಎನ್ನುವ ಶ್ವಾಸಕೋಶ ತಜ್ಞನೂ ಈ ಪಟ್ಟಿಗೆ ಕಣ್ಣುಮುಚ್ಚಿ ಸಹಿ ಹಾಕುತ್ತಾನೆ.

ನಮ್ಮಲ್ಲಿ ಮಠಗಳು ರಾಜಕೀಯಕ್ಕೆ ಕೈಹಾಕುವುದನ್ನು ಕಂಡು ಬೇಸತ್ತವರಿಗೆ ಈ ಇಡೀ ಮಾತೇ ಕಸಿವಿಸಿ ತರುತ್ತದೆ. ಅವರ ಅನುಮಾನಕ್ಕೆ ಕಾರಣವೂ ಇದೆ. ಆದರೆ ತಮ್ಮವನಿಗೆ ಮಂತ್ರಿಗಿರಿ ಕೊಡಿ, ತಮ್ಮ ಸಂಸ್ಥೆಗೆ ಜಮೀನು ಕೊಡಿ ಎಂದು ಕೇಳುವುದು ಬೇರೆ. ಯಾರ ಮಗುವಿಗೂ ಸಿಗರೇಟು ಮಾರಬೇಡಿ ಎಂದು ಕೇಳುವುದು ಬೇರೆ. ಎರಡನೆಯದರಲ್ಲಿ ಕೇಳುವವರಿಗೆ ಬರುವ ಲಾಭ ಏನೂ ಇಲ್ಲ.

ಮುಂದಿನ ಆಕ್ಷೇಪ ಚರಿತ್ರೆಯನ್ನು ಎದುರಿಗಿಟ್ಟು ಬರುತ್ತದೆ: ಧರ್ಮದವರು ಹಿಂದೆಯೂ ಇದನ್ನು ಮಾಡಿದ್ದರು, ಮಣ್ಣು ಮುಕ್ಕಿದ್ದರು. ನಿಜ. ಲೂಸಿ ಪೇಜ್ ಗ್ಯಾಸ್ಟನ್ ಎಂಬಾಕೆ 1899ರಲ್ಲಿ ಶಿಕಾಗೋದಲ್ಲಿ ಸಿಗರೇಟು ವಿರೋಧಿ ಸಂಘ ಕಟ್ಟಿದರು. ಮದ್ಯಪಾನದ ವಿರುದ್ಧ ಹೋರಾಡುತ್ತಿದ್ದ ಕ್ರೈಸ್ತ ಮಹಿಳಾ ಸಂಘ ಅವರ ಬೆನ್ನಿಗಿತ್ತು. 1890ರಿಂದ 1927ರ ನಡುವೆ 15 ರಾಜ್ಯಗಳು ಒಂದಲ್ಲ ಒಂದು ಕಾಲದಲ್ಲಿ ಸಿಗರೇಟು ಮಾರಾಟವನ್ನು ನಿಷೇಧಿಸಿದ್ದವು. ಮಾರ್ಮನ್ನರ ಯೂಟಾ ರಾಜ್ಯ 1921ರಲ್ಲಿ ಅಂಥ ಕಾನೂನು ತಂದಿತು. 1923ರಲ್ಲಿ ಸಾಲ್ಟ್ ಲೇಕ್ ಸಿಟಿಯ ಒಂದು ಉಪಾಹಾರಗೃಹದಲ್ಲಿ ಊಟ ಮುಗಿಸಿ ಹೊಗೆ ಬಿಡುತ್ತಿದ್ದ ಊರಿನ ಗಣ್ಯ ವ್ಯಾಪಾರಿಗಳನ್ನು ಪೊಲೀಸರು ಹಿಡಿದರು. ದೇಶವೆಲ್ಲ ನಕ್ಕಿತು. ಕೆಲವೇ ವಾರಗಳಲ್ಲಿ ಕಾನೂನು ರದ್ದಾಯಿತು. 1927ರ ಹೊತ್ತಿಗೆ ಕಾನ್ಸಾಸ್ ಸಹ ಕೈಬಿಟ್ಟಿತು.

ಆ ಸೋಲನ್ನು ಮುಚ್ಚಿಡುವ ಅಗತ್ಯವಿಲ್ಲ. ಅಂದಿನವರು ಸಿಗರೇಟು ಸೇದುವುದನ್ನು ಗುಣಹೀನತೆಯೆಂದು ಕಂಡರು. ಸೇದುವವನನ್ನು ನಾಚಿಸಿದರು, ಕೆಲವೆಡೆ ಬಂಧಿಸಿದರು. ಶಿಕ್ಷೆಯ ಭಾರ ಬಿದ್ದದ್ದು ಚಟಕ್ಕೆ ಸಿಕ್ಕವನ ಮೇಲೆ. ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟು ಆಗಿನ್ನೂ ಸಾಬೀತಾಗಿರಲಿಲ್ಲ; ಅಮೆರಿಕ ಸರ್ಕಾರದ ಮುಖ್ಯ ವೈದ್ಯಾಧಿಕಾರಿ, ಅಂದರೆ ಸರ್ಜನ್ ಜನರಲ್, ಅದನ್ನು ಸಾರಿದ ವರದಿ ಬಂದದ್ದು 1964ರಲ್ಲಿ. 2009ರ ಕಾಯಿದೆಯನ್ನು ಇದರ ಪಕ್ಕದಲ್ಲಿಟ್ಟು ಓದಿ. ಎಲ್ಲ ಸಿಗರೇಟುಗಳನ್ನು ನಿಷೇಧಿಸುವ ಅಧಿಕಾರವಾಗಲಿ, ನಿಕೋಟಿನ್ನನ್ನು ಸೊನ್ನೆಗಿಳಿಸುವ ಅಧಿಕಾರವಾಗಲಿ ಎಫ್‌ಡಿಎಗೆ ಇಲ್ಲ ಎಂದು ಅದರಲ್ಲೇ ಬರೆದಿದೆ. ಸೇದುವವನಿಗೆ ದಂಡವಿಲ್ಲ, ಜೈಲಿಲ್ಲ. ಪ್ರಶ್ನೆಗಳೆಲ್ಲ ತಯಾರಿಸುವವನಿಗೆ, ಮಾರುವವನಿಗೆ. ಧಾರ್ಮಿಕ ಸಂಸ್ಥೆಗಳು ಇದಕ್ಕೆ ಒಪ್ಪಿ ಬೆಂಬಲಿಸಿದವು ಎಂದರೆ ಹಳೆಯ ಸೋಲಿನಿಂದ ಪಾಠ ಕಲಿತಿದ್ದವು ಎಂದೇ ಅರ್ಥ. ಕಲಿತವರನ್ನು ಅವರ ಅಜ್ಜಂದಿರ ತಪ್ಪಿಗಾಗಿ ಹಂಗಿಸುವುದು ನ್ಯಾಯವಲ್ಲ.

ಶ್ರದ್ಧಾವಂತರ ಆಕ್ಷೇಪಕ್ಕೆ ಹೆಚ್ಚು ಗೌರವದಿಂದ ಉತ್ತರಿಸಬೇಕು. ಧರ್ಮದ ಕೆಲಸ ಮನಸ್ಸು ತಿರುಗಿಸುವುದು, ಕಾನೂನು ತಿರುಗಿಸುವುದಲ್ಲ ಎನ್ನುತ್ತಾರೆ ಅವರು. ಕನ್ನಡಿಗರಿಗೆ ಕೂಡಲೇ ಇಳಕಲ್ಲಿನ ಚಿತ್ತರಗಿ ಸಂಸ್ಥಾನಮಠದ ಡಾ. ಮಹಾಂತ ಸ್ವಾಮೀಜಿ ನೆನಪಾಗುತ್ತಾರೆ. 1975ರಿಂದ ಊರೂರು, ಓಣಿ ಓಣಿ ಸುತ್ತಿ, ನಿಮ್ಮ ದುಶ್ಚಟಗಳನ್ನು ನನ್ನ ಜೋಳಿಗೆಗೆ ಹಾಕಿ ಎಂದು ಬೇಡಿದವರು ಅವರು. ಬೀಡಿ, ಗುಟ್ಕಾ, ಸಾರಾಯಿ, ಇಸ್ಪೀಟು ಎಲ್ಲವೂ ಆ ಜೋಳಿಗೆಗೆ ಬಿದ್ದವು. ದಂಡವಿಲ್ಲದೆ, ಬೆದರಿಕೆಯಿಲ್ಲದೆ, ಕೈಚಾಚಿ ಬೇಡಿ ಅವರು ಮನೆಗಳನ್ನು ಉಳಿಸಿದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಅಮೆರಿಕದ ಅಡ್ವೆಂಟಿಸ್ಟರೂ ಇದೇ ಬಗೆಯ ಕೆಲಸ ಮಾಡಿದವರು. 1960ರ ಹೊತ್ತಿಗೆ ಅವರ ಒಬ್ಬ ವೈದ್ಯ, ಒಬ್ಬ ಪಾದ್ರಿ ಜೊತೆಗೂಡಿ ಸಿಗರೇಟು ಬಿಡಿಸುವ ಐದು ದಿನಗಳ ಶಿಬಿರವನ್ನು ರೂಪಿಸಿದರು. ಯಾವ ಪಂಥದವರಾದರೂ ಬಂದು ಕೂರಬಹುದಾಗಿದ್ದ ಆ ಶಿಬಿರ ಮುಂದೆ ಹಲವು ದೇಶಗಳಿಗೆ ಹಬ್ಬಿತು.

ಇದೆಲ್ಲ ದೊಡ್ಡದು. ಆದರೆ ಜೋಳಿಗೆ ಹಿಡಿದವರು ಒಂದು ಮನೆಯಿಂದ ಗುಟ್ಕಾ ಪೊಟ್ಟಣ ಇಸಿದುಕೊಂಡು ಹೊರಗೆ ಬರುವಷ್ಟರಲ್ಲಿ ಬೀದಿ ತುದಿಯ ಅಂಗಡಿಯಲ್ಲಿ, ಮಕ್ಕಳ ಕಣ್ಣೆತ್ತರಕ್ಕೆ, ಹೊಸ ಮಾಲೆ ತೂಗಿರುತ್ತದೆ. ಐದು ದಿನಗಳ ಶಿಬಿರದಿಂದ ನೂರು ಜನ ಬಿಟ್ಟು ಬಂದರೆ, ಆ ನೂರು ಜನರ ಜಾಗಕ್ಕೆ ಹೊಸಬರನ್ನು ತರಲು ಕಂಪನಿ ಜಾಹೀರಾತಿಗೆ ಸುರಿಯುವ ಹಣ ಆ ಚರ್ಚಿನ ವರ್ಷದ ಕಾಣಿಕೆಗಿಂತ ಎಷ್ಟೋ ಪಟ್ಟು ಹೆಚ್ಚು. ವ್ಯಸನಿಯ ಜೊತೆ ಕುಳಿತು ವರ್ಷಗಟ್ಟಲೆ ಕೆಲಸ ಮಾಡಿದ ಅಡ್ವೆಂಟಿಸ್ಟರೇ ಕಾನೂನು ಕೇಳುವವರ ಸಾಲಿನಲ್ಲೂ ನಿಂತರು. ಮನಸ್ಸು ತಿರುಗಿಸುವ ಕೆಲಸದ ಕಷ್ಟ ಗೊತ್ತಿದ್ದವರು ಅವರು.

ಇನ್ನು ವ್ಯಕ್ತಿಸ್ವಾತಂತ್ರ್ಯ. ವಯಸ್ಕ ಮನುಷ್ಯ ತನ್ನ ದೇಹಕ್ಕೆ ಏನು ಮಾಡಿಕೊಂಡರೂ ಅದು ಅವನ ಇಷ್ಟ ಎನ್ನುವ ವಾದದಲ್ಲಿ ಎರಡು ಮಾತು ತಪ್ಪಿಹೋಗಿವೆ. ಒಂದು, ಆರಂಭಿಸುವವನು ವಯಸ್ಕನಲ್ಲ. ಅಮೆರಿಕದಲ್ಲಿ ದಿನವೂ ಸೇದುವ ವಯಸ್ಕರಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿ 18 ತುಂಬುವ ಮೊದಲೇ ಮೊದಲ ಸಿಗರೇಟು ಹಚ್ಚಿದವರು. ಕಂಪನಿಗಳಿಗೆ ಇದು ಗೊತ್ತಿತ್ತು. ಆರ್.ಜೆ. ರೆನಾಲ್ಡ್ಸ್ ಕಂಪನಿಯ 1984ರ ಒಂದು ಆಂತರಿಕ ವರದಿ, ಬಿಟ್ಟವರ ಮತ್ತು ಸತ್ತವರ ಜಾಗ ತುಂಬಲು ಯುವ ಸೇದುಗರೇ ಏಕೈಕ ಮೂಲ ಎಂದು ಲೆಕ್ಕ ಹಾಕಿತ್ತು. ಕೆಲವೇ ವರ್ಷಗಳಲ್ಲಿ ಅದೇ ಕಂಪನಿಯ ಕ್ಯಾಮಲ್ ಸಿಗರೇಟಿಗಾಗಿ ‘ಜೋ ಕ್ಯಾಮಲ್’ ಎಂಬ ಕಾರ್ಟೂನ್ ಒಂಟೆ ಬೀದಿಬೀದಿಯ ಫಲಕಗಳಲ್ಲಿ ಕಾಣಿಸಿಕೊಂಡಿತು. 1991ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆ ಪ್ರಕಟಿಸಿದ ಅಧ್ಯಯನದಲ್ಲಿ ಆರು ವರ್ಷದ ಮಕ್ಕಳು ಮಿಕ್ಕಿ ಮೌಸನ್ನು ಗುರುತಿಸಿದಷ್ಟೇ ಸಲೀಸಾಗಿ ಆ ಒಂಟೆಯನ್ನೂ ಗುರುತಿಸಿದ್ದರು. ಆರು ವರ್ಷದ ಮಗುವಿನ ಕಣ್ಣಿಗೆ ಒಂಟೆಯನ್ನು ಕೂರಿಸಿದವರು ಹತ್ತು ವರ್ಷದ ನಂತರ ಆ ಮಗುವಿನ ಸ್ವತಂತ್ರ ಆಯ್ಕೆಯ ಬಗ್ಗೆ ಮಾತಾಡುತ್ತಾರೆ!

ಎರಡನೆಯದು, ಆಯ್ಕೆಗೆ ಸತ್ಯ ಬೇಕು. ‘ಲೈಟ್’ ಸಿಗರೇಟಿನ ಫಿಲ್ಟರಿನಲ್ಲಿ ಕಣ್ಣಿಗೆ ಕಾಣದಂಥ ಸಣ್ಣ ರಂಧ್ರಗಳಿರುತ್ತವೆ. ಪರೀಕ್ಷಾ ಯಂತ್ರ ಎಳೆದಾಗ ಅವುಗಳ ಮೂಲಕ ಗಾಳಿ ನುಗ್ಗಿ ಹೊಗೆ ತೆಳುವಾಗುತ್ತದೆ, ಟಾರ್ ಕಡಿಮೆ ಎಂಬ ಅಂಕಿ ಬರುತ್ತದೆ. ಮನುಷ್ಯ ಎಳೆದಾಗ ತುಟಿ, ಬೆರಳು ಆ ರಂಧ್ರಗಳನ್ನು ಮುಚ್ಚುತ್ತವೆ. ನಿಕೋಟಿನ್ ಸಾಲದಾದಾಗ ಅವನು ಇನ್ನೂ ಆಳವಾಗಿ ಎಳೆಯುತ್ತಾನೆ. ಬಿಡಬೇಕೆಂದುಕೊಂಡಿದ್ದ ಲಕ್ಷಾಂತರ ಜನ ಬಿಡುವ ಬದಲು ‘ಲೈಟ್’ಗೆ ಬದಲಾದರು. 2006ರಲ್ಲಿ ಫೆಡರಲ್ ನ್ಯಾಯಾಧೀಶೆ ಗ್ಲ್ಯಾಡಿಸ್ ಕೆಸ್ಲರ್ 1,600ಕ್ಕೂ ಹೆಚ್ಚು ಪುಟಗಳ ತೀರ್ಪಿನಲ್ಲಿ, ಈ ವಿಷಯವನ್ನೂ ಸೇರಿಸಿ, ಕಂಪನಿಗಳು ದಶಕಗಳ ಕಾಲ ಜನರಿಗೆ ಗೊತ್ತಿದ್ದೂ ಸುಳ್ಳು ಹೇಳಿದವು ಎಂದು ದಾಖಲಿಸಿದರು. ತಪ್ಪೊಪ್ಪುವ ಹೇಳಿಕೆಗಳನ್ನು ಪತ್ರಿಕೆಗಳಲ್ಲಿ, ಟಿವಿಯಲ್ಲಿ ಪ್ರಕಟಿಸಿ ಎಂಬ ಆದೇಶ ಜಾರಿಗೆ ಬರಲು 2017ರ ನವೆಂಬರ್‌ವರೆಗೆ ಕಾಯಬೇಕಾಯಿತು. ಹನ್ನೊಂದು ವರ್ಷ ಅಪೀಲಿನ ಮೇಲೆ ಅಪೀಲು. ಸ್ವಾತಂತ್ರ್ಯದ ಹೆಸರಿನಲ್ಲಿ ನಿಯಂತ್ರಣವನ್ನು ವಿರೋಧಿಸುವವರು ಈ ಸುಳ್ಳಿನ ಬಗ್ಗೆ ಏಕೆ ದನಿಯೆತ್ತುವುದಿಲ್ಲ ಎಂಬುದು ನನಗೆ ಅರ್ಥವಾಗದ ಸಂಗತಿ. ಆ ದೇಶದಲ್ಲಿ ಸಿಗರೇಟಿನಿಂದ ವರ್ಷಕ್ಕೆ ಸುಮಾರು 4,80,000 ಜನ ಸಾಯುತ್ತಾರೆ ಎಂಬುದು ಸರ್ಜನ್ ಜನರಲ್ ಅವರ 2014ರ ಅಂದಾಜು. ಆ ಶವಗಳ ಮುಂದೆ ನಿಂತು ಪ್ರಾರ್ಥನೆ ಹೇಳುವವರು ಪಾದ್ರಿಗಳು, ಇಮಾಮರು, ರಬ್ಬಿಗಳು. ಅವರಿಗೆ ಈ ವಿಷಯದಲ್ಲಿ ಮಾತಾಡುವ ಹಕ್ಕಿಲ್ಲವೆಂದರೆ ಇನ್ನು ಯಾರಿಗಿದೆ?

ಅತ್ಯಂತ ನೋವಿನ ಆಕ್ಷೇಪಕ್ಕೆ ಬರುತ್ತೇನೆ. ಚರ್ಚು ಬೆಳೆದದ್ದೇ ತಂಬಾಕಿನ ದುಡ್ಡಿನಲ್ಲಿ, ಈಗ ಉಪದೇಶ ಮಾಡಲು ಅದಕ್ಕೆ ಯಾವ ಯೋಗ್ಯತೆ? ಈ ಆರೋಪ ಮಾಡುವವರು ಎಷ್ಟು ತಿಳಿದಿದ್ದಾರೋ, ನಿಜಸಂಗತಿ ಅದಕ್ಕಿಂತ ದೊಡ್ಡದು. ವಸಾಹತು ಕಾಲದ ವರ್ಜೀನಿಯಾದಲ್ಲಿ ಪಾದ್ರಿಗಳ ಸಂಬಳವನ್ನು ತಂಬಾಕಿನಲ್ಲೇ ಕೊಡುತ್ತಿದ್ದರು. 1696ರ ಕಾನೂನು ಒಬ್ಬ ಪಾದ್ರಿಗೆ ವರ್ಷಕ್ಕೆ 16,000 ಪೌಂಡು ತಂಬಾಕು ಎಂದು ನಿಗದಿಪಡಿಸಿತ್ತು. ಬರದಿಂದ ತಂಬಾಕಿನ ಬೆಲೆ ಏರಿದಾಗ, 1758ರಲ್ಲಿ, ಪೌಂಡಿಗೆ ಎರಡು ಪೆನ್ನಿಯಂತೆ ಹಣ ಕೊಟ್ಟು ಮುಗಿಸಬಹುದೆಂದು ಅಲ್ಲಿನ ಶಾಸನಸಭೆ ಹೇಳಿತು. ಪಾದ್ರಿಗಳು ಇಂಗ್ಲೆಂಡಿನ ದೊರೆಯವರೆಗೂ ದೂರು ಒಯ್ದು ಗೆದ್ದರು. ಬಾಕಿಗಾಗಿ 1763ರಲ್ಲಿ ನಡೆದ ಮೊಕದ್ದಮೆಯಲ್ಲಿ ಪಾದ್ರಿಯ ಎದುರು ನಿಂತು ಹೆಸರಾದ ಯುವ ವಕೀಲನೇ ಪ್ಯಾಟ್ರಿಕ್ ಹೆನ್ರಿ. ಜ್ಯೂರಿ ಪಾದ್ರಿಗೆ ಕೊಟ್ಟ ಪರಿಹಾರ ಒಂದೇ ಒಂದು ಪೆನ್ನಿ. ಆ ತಂಬಾಕನ್ನು ಬೆಳೆದವರಲ್ಲಿ ಆಫ್ರಿಕದಿಂದ ಹಿಡಿದು ತಂದ ಗುಲಾಮರಿದ್ದರು ಎಂಬುದನ್ನೂ ಮರೆಯಬಾರದು.

ಇನ್ನೂ ಇದೆ. ಮೆಥಡಿಸ್ಟರ ಮೂಲಪುರುಷ ಜಾನ್ ವೆಸ್ಲಿ ತನ್ನ ಪ್ರಚಾರಕರು ನಶ್ಯ, ತಂಬಾಕು ಮುಟ್ಟಬಾರದೆಂದು ಕಟ್ಟಳೆ ಮಾಡಿದ್ದ. ಅದೇ ಪಂಥದ ನಾರ್ತ್ ಕ್ಯಾರೊಲೈನಾದ ಟ್ರಿನಿಟಿ ಕಾಲೇಜು ಬದುಕಿದ್ದು ಸಿಗರೇಟಿನ ದೊರೆಗಳಾದ ಡ್ಯೂಕ್ ಕುಟುಂಬದ ಹಣದಿಂದ. 1924ರಲ್ಲಿ ಜೇಮ್ಸ್ ಡ್ಯೂಕ್ ಸ್ಥಾಪಿಸಿದ ದತ್ತಿಯಿಂದ ಅದು ಡ್ಯೂಕ್ ವಿಶ್ವವಿದ್ಯಾಲಯವಾಯಿತು. ಹಳ್ಳಿಗಾಡಿನ ಮೆಥಡಿಸ್ಟ್ ಚರ್ಚುಗಳಿಗೂ ಆ ದತ್ತಿಯಿಂದ ಹಣ ಹರಿಯಿತು. ಬ್ಯಾಪ್ಟಿಸ್ಟರ ವೇಕ್ ಫಾರೆಸ್ಟ್ ಕಾಲೇಜು 1956ರಲ್ಲಿ ವಿನ್‌ಸ್ಟನ್-ಸೇಲಂ ಊರಿಗೆ ಬಂದು ನೆಲೆಸಿದ್ದು ರೆನಾಲ್ಡ್ಸ್ ಕುಟುಂಬದ ಹಣದಿಂದ. ಮೊದಲ ಮಹಾಯುದ್ಧದಲ್ಲಿ ಕ್ರೈಸ್ತ ಯುವಕರ ಸಂಘವಾದ ವೈಎಂಸಿಎ ಸೈನಿಕರಿಗೆ ಸಿಗರೇಟು ಒದಗಿಸಿತು.

ಇದನ್ನೆಲ್ಲ ಒಪ್ಪಿಕೊಂಡ ಮೇಲೆ ನನ್ನ ಉತ್ತರ ಇದು. ಋಣ ಇದ್ದವನಿಗೆ ಮಾತಾಡುವ ಹಕ್ಕಿಲ್ಲ ಎನ್ನುವುದಾದರೆ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಯಾರೂ ಬಾಯಿ ತೆರೆಯುವಂತಿಲ್ಲ. ಆ ಹಣ ಉಂಡ ಚರ್ಚುಗಳೇ, ತಮ್ಮ ಪೀಠದೆದುರಿನ ಬೆಂಚುಗಳಲ್ಲಿ ತಂಬಾಕು ರೈತರೂ ಕಾರ್ಖಾನೆ ಕೆಲಸಗಾರರೂ ಕೂರುತ್ತಿದ್ದಾಗಲೂ, ತಿರುಗಿ ನಿಂತವು. ಅದಕ್ಕೆ ಬೇಕಾದ ಧೈರ್ಯ ಹೊರಗಿನವರ ಟೀಕೆಗೆ ಬೇಕಾದ ಧೈರ್ಯಕ್ಕಿಂತ ಹೆಚ್ಚು. ಬೀದಿಗಿಳಿದವರೂ ಇದ್ದರು. 1990ರಲ್ಲಿ ರೆನಾಲ್ಡ್ಸ್ ಕಂಪನಿ ‘ಅಪ್‌ಟೌನ್’ ಎಂಬ ಮೆಂಥಾಲ್ ಸಿಗರೇಟನ್ನು ಕಪ್ಪು ಜನರಿಗೆಂದೇ ರೂಪಿಸಿ ಫಿಲಡೆಲ್ಫಿಯಾದಲ್ಲಿ ಪರೀಕ್ಷಾ ಮಾರಾಟಕ್ಕೆ ಸಿದ್ಧವಾಯಿತು. ಜೆಸ್ಸಿ ಬ್ರೌನ್ ಎಂಬ ಲೂಥರನ್ ಪಾದ್ರಿ ಚರ್ಚುಗಳನ್ನೂ ಸಂಘಟನೆಗಳನ್ನೂ ಕೂಡಿಸಿದರು. ಸಿಗರೇಟು ಅಂಗಡಿಗೆ ಬರುವ ಮೊದಲೇ ಕಂಪನಿ ಅದನ್ನು ಹಿಂತೆಗೆದುಕೊಂಡಿತು. ಅದೇ ವರ್ಷ ಹಾರ್ಲೆಮ್ಮಿನ ಅಬಿಸೀನಿಯನ್ ಬ್ಯಾಪ್ಟಿಸ್ಟ್ ಚರ್ಚಿನ ಕ್ಯಾಲ್ವಿನ್ ಬಟ್ಸ್ ತಮ್ಮ ಭಕ್ತರೊಂದಿಗೆ ಹೋಗಿ ಸಿಗರೇಟು, ಮದ್ಯದ ಜಾಹೀರಾತು ಫಲಕಗಳಿಗೆ ಬಿಳಿ ಬಣ್ಣ ಬಳಿದರು. ಶಿಕಾಗೋದ ಕ್ಯಾಥೊಲಿಕ್ ಪಾದ್ರಿ ಮೈಕೆಲ್ ಫ್ಲೆಗರ್ ಇದೇ ಕೆಲಸಕ್ಕಾಗಿ ಮೊಕದ್ದಮೆ ಎದುರಿಸಿ ಖುಲಾಸೆಯಾದರು. ಕಪುಚಿನ್ ಸನ್ಯಾಸಿ ಮೈಕೆಲ್ ಕ್ರಾಸ್ಬಿ ಬೇರೊಂದು ದಾರಿ ಹಿಡಿದರು. ತಂಬಾಕು ಕಂಪನಿಗಳ ಷೇರುದಾರರಾಗಿ ವರ್ಷ ವರ್ಷವೂ ಅವುಗಳ ವಾರ್ಷಿಕ ಸಭೆಗೆ ಹೋಗಿ, ಅಧ್ಯಕ್ಷರ ಮುಖಕ್ಕೆ ಮುಖ ಕೊಟ್ಟು ಪ್ರಶ್ನೆ ಕೇಳಿದರು. 2017ರಲ್ಲಿ ತೀರಿಕೊಳ್ಳುವವರೆಗೆ ದಶಕಗಳ ಕಾಲ ಇದನ್ನು ನಡೆಸಿದರು. ಇವರನ್ನು ಬೂಟಾಟಿಕೆಯವರು ಎನ್ನಲು ನಾಲಿಗೆ ಹೇಗೆ ಬರುತ್ತದೆ?

ರೈತನ ಹೊಟ್ಟೆಯ ಮೇಲೆ ಹೊಡೆಯುತ್ತೀರಿ ಎಂಬ ಮಾತನ್ನು ಮೈಸೂರು ಸೀಮೆಯವರು ಚೆನ್ನಾಗಿ ಬಲ್ಲರು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಅರಕಲಗೂಡಿನ ಹೊಲಗಳಲ್ಲಿ ಬೆಳೆಯುವ ಹೊಗೆಸೊಪ್ಪಿಗೆ ಇವತ್ತಿಗೂ ವರ್ಜೀನಿಯಾದ ಹೆಸರೇ ಅಂಟಿಕೊಂಡಿದೆ. ನಿಯಂತ್ರಣದ ಮಾತೆತ್ತಿದರೆ ಸಾಕು, ಇಲ್ಲೂ ಎಲೆ ಹದಮಾಡುವ ಬ್ಯಾರನ್ನಿನ ಮಾಲೀಕನನ್ನು ಮುಂದೆ ತಂದು ನಿಲ್ಲಿಸುತ್ತಾರೆ. ಅಮೆರಿಕದ ಅಂಕಿಗಳು ಬೇರೆ ಕಥೆ ಹೇಳುತ್ತವೆ. ಅಲ್ಲಿ 2002ರಲ್ಲಿ ತಂಬಾಕು ಬೆಳೆಯುತ್ತಿದ್ದ ಸುಮಾರು 57,000 ಕೃಷಿ ಕುಟುಂಬಗಳಲ್ಲಿ 2007ರ ಹೊತ್ತಿಗೆ ಸುಮಾರು 16,000 ಉಳಿದಿದ್ದವು. ಎಫ್‌ಡಿಎಗೆ ಅಧಿಕಾರ ಬಂದದ್ದು ಅದಾದ ಎರಡು ವರ್ಷಕ್ಕೆ. ರೈತರನ್ನು ತಂಬಾಕಿನಿಂದ ಎಬ್ಬಿಸಿದ್ದು ಆ ಕಾನೂನಲ್ಲ. ಕಂಪನಿಗಳು ಬ್ರೆಜಿಲ್, ಆಫ್ರಿಕದಂಥ ಕಡೆ ಅಗ್ಗದ ಎಲೆ ಕೊಳ್ಳಲು ಹೋದವು. ಹೊಸ ಒಪ್ಪಂದಗಳಲ್ಲಿ ದೊಡ್ಡ ಹಿಡುವಳಿದಾರರೇ ಉಳಿದುಕೊಂಡರು. ಯಾರು ಎಷ್ಟು ಬೆಳೆಯಬಹುದೆಂದು ನಿಗದಿಪಡಿಸುತ್ತ 1938ರಿಂದ ನಡೆದುಬಂದಿದ್ದ ಕೋಟಾ ಪದ್ಧತಿಯನ್ನು ಸರ್ಕಾರ 2004ರಲ್ಲಿ ಸುಮಾರು 1,000 ಕೋಟಿ ಡಾಲರ್ ಪರಿಹಾರ ಕೊಟ್ಟು ಮುಚ್ಚಿದಾಗ ಹೆಚ್ಚಿನವರು ಹಣ ಪಡೆದು ಹೊರಟುಹೋದರು. 2009ರ ಕಾಯಿದೆಯಂತೂ ರೈತನ ಹೊಲಕ್ಕೆ, ಅವನ ಕೈಯಲ್ಲಿರುವ ಎಲೆಗೆ ಎಫ್‌ಡಿಎ ಕಾಲಿಡಬಾರದೆಂದು ಸ್ಪಷ್ಟವಾಗಿ ಬರೆದಿಟ್ಟಿದೆ.

ಹೊಲದ ಕೆಲಸಗಾರರ ಬಗ್ಗೆ ಈ ಆಕ್ಷೇಪ ಎತ್ತುವವರು ಮಾತಾಡಿದ್ದನ್ನು ನಾನು ಕಂಡಿಲ್ಲ. ಇಬ್ಬನಿಯಲ್ಲಿ ತೊಯ್ದ ಹಸಿ ಎಲೆ ಕೀಳುವಾಗ ನಿಕೋಟಿನ್ ಚರ್ಮದ ಮೂಲಕ ಮೈಗಿಳಿದು ವಾಂತಿ, ತಲೆಸುತ್ತು, ನಿತ್ರಾಣ ಬರುತ್ತದೆ. ಹುಣಸೂರಿನ ಕೂಲಿ ಹೆಂಗಸಿನ ಮೈಗೂ ಅದು ಹಾಗೇ ಇಳಿಯುತ್ತದೆ, ಕೆಂಟಕಿಯ ಹುಡುಗನ ಮೈಗೂ ಹಾಗೇ. ಅಮೆರಿಕದಲ್ಲಿ ಹನ್ನೆರಡು ವರ್ಷದ ಮಕ್ಕಳೂ ತಂಬಾಕು ಹೊಲದಲ್ಲಿ ದುಡಿಯಲು ಕಾನೂನಿನಲ್ಲೇ ಅವಕಾಶವಿದೆ ಎಂಬುದನ್ನು ಹ್ಯೂಮನ್ ರೈಟ್ಸ್ ವಾಚ್ 2014ರಲ್ಲಿ ಲೋಕದ ಮುಂದಿಟ್ಟಿತು. ನಾರ್ತ್ ಕ್ಯಾರೊಲೈನಾದಲ್ಲಿ ಬಹುಪಾಲು ಮೆಕ್ಸಿಕೊದಿಂದ ಬಂದ ಕೃಷಿ ಕೂಲಿಗಳು ರೆನಾಲ್ಡ್ಸ್ ಕಂಪನಿಯ ಬಾಗಿಲಲ್ಲಿ ನ್ಯಾಯ ಕೇಳಿದಾಗ ಅವರ ಪಕ್ಕ ನಿಂತವರಲ್ಲಿ ಚರ್ಚುಗಳು ಕಟ್ಟಿದ ನ್ಯಾಷನಲ್ ಫಾರ್ಮ್ ವರ್ಕರ್ ಮಿನಿಸ್ಟ್ರಿಯೂ ಇತ್ತು. ರೈತನ, ಕೂಲಿಯ ಪರ ಯಾರಿದ್ದಾರೆ ಎಂಬುದನ್ನು ಅಲ್ಲಿ ನೋಡಬೇಕು.

ತೆರಿಗೆ ಏರಿಸಿದರೆ ಬಡವನ ಮೇಲೆ ಹೊರೆ ಎಂಬ ಮಾತಿಗೆ ಹೆಚ್ಚು ಹೇಳಬೇಕಿಲ್ಲ. 2009ರ ಏಪ್ರಿಲ್‌ನಲ್ಲಿ ಫೆಡರಲ್ ಸಿಗರೇಟು ತೆರಿಗೆ ಪೊಟ್ಟಣಕ್ಕೆ ಒಂದು ಡಾಲರ್ ದಾಟಿತು, ಆ ಹಣ ಬಡ ಕುಟುಂಬಗಳ ಮಕ್ಕಳ ಆರೋಗ್ಯ ವಿಮೆಗೆ ಹೋಯಿತು. ಬೆಲೆ ಏರಿದಾಗ ಮೊದಲು ಬಿಡುವವರೂ ಬಡವರೇ. ಸರ್ಕಾರ ನಿಯಂತ್ರಿಸಿದರೆ ಸಿಗರೇಟಿಗೆ ಸರ್ಕಾರಿ ಮೊಹರು ಬಿದ್ದಂತಾಗುತ್ತದೆ ಎಂಬ ಇನ್ನೊಂದು ಹೆದರಿಕೆಗೆ ಕಾಯಿದೆಯಲ್ಲೇ ಉತ್ತರವಿದೆ: ಎಫ್‌ಡಿಎ ಒಪ್ಪಿಗೆ ಇದೆ ಎಂಬ ಅರ್ಥ ಬರುವಂತೆ ಯಾವ ಕಂಪನಿಯೂ ಹೇಳಕೂಡದು.

ಕೊನೆಗೆ ಉಳಿಯುವುದು ನನ್ನನ್ನೂ ಬಹಳ ಕಾಡಿದ ಆಕ್ಷೇಪ. ಈ ಕಾಯಿದೆಯನ್ನು ಮಾರ್ಲ್‌ಬೊರೊ ತಯಾರಿಸುವ ಫಿಲಿಪ್ ಮಾರಿಸ್ ಕಂಪನಿಯೇ ಬೆಂಬಲಿಸಿತ್ತು. ಜಾಹೀರಾತಿಗೆ ಕಡಿವಾಣ ಬಿದ್ದರೆ ಮಾರುಕಟ್ಟೆಯಲ್ಲಿ ಮೊದಲ ಸ್ಥಾನದಲ್ಲಿರುವವನಿಗೆ ಲಾಭ. ರೆನಾಲ್ಡ್ಸ್, ಲೊರಿಲಾರ್ಡ್ ಕಂಪನಿಗಳು ಆ ಕಾರಣಕ್ಕೇ ವಿರೋಧಿಸಿದವು. ಎಲ್ಲ ಸ್ವಾದಗಳನ್ನೂ ನಿಷೇಧಿಸಿದ ಕಾಯಿದೆ ಮೆಂಥಾಲನ್ನು ಮಾತ್ರ ಬಿಟ್ಟಿತು. ಅಮೆರಿಕದಲ್ಲಿ ಸಿಗರೇಟು ಸೇದುವ ಕಪ್ಪು ಜನರಲ್ಲಿ ನೂರಕ್ಕೆ ಸುಮಾರು 85 ಮಂದಿ ಸೇದುವುದು ಮೆಂಥಾಲ್. ಮೆಂಥಾಲಿನ ತಂಪು ಗಂಟಲಿನ ಉರಿಯನ್ನು ಮರೆಸುತ್ತದೆ, ಎಳೆಯರಿಗೆ ಆರಂಭ ಸುಲಭವಾಗುತ್ತದೆ, ಬಿಡುವುದು ಕಷ್ಟವಾಗುತ್ತದೆ. ಈ ವಿನಾಯಿತಿಯನ್ನು ವಿರೋಧಿಸಿ 2008ರಲ್ಲೇ ಏಳು ಮಂದಿ ಮಾಜಿ ಆರೋಗ್ಯ ಸಚಿವರು ದನಿಯೆತ್ತಿದ್ದರು. ಹಾಗಿದ್ದರೂ ಧಾರ್ಮಿಕ ಒಕ್ಕೂಟ ಈ ಅರೆಬರೆ ಕಾನೂನಿಗೆ ಒಪ್ಪಿದ್ದು ಸರಿಯೇ ಎಂದು ಕೇಳುತ್ತಾರೆ.

ಸರಿಯೇ ಎಂದು ನಾನು ಹೇಳುತ್ತೇನೆ, ಆ ವಿನಾಯಿತಿಯನ್ನು ಅನ್ಯಾಯವೆಂದು ಕರೆದುಕೊಂಡೇ ಹೇಳುತ್ತೇನೆ. ಕಾಯಿದೆ ಮೆಂಥಾಲಿಗೆ ಶಾಶ್ವತ ರಕ್ಷಣೆ ಕೊಡಲಿಲ್ಲ. ಅದನ್ನು ತೆಗೆದುಹಾಕುವ ಅಧಿಕಾರವನ್ನು ಎಫ್‌ಡಿಎಗೆ ಬಿಟ್ಟಿತು, ರಾಜ್ಯಗಳು ತಮ್ಮಲ್ಲಿ ಮಾರಾಟ ತಡೆಯುವ ಹಕ್ಕನ್ನೂ ಉಳಿಸಿತು. ಇದು ಕಂಪನಿಗಳ ಕೈಗೊಂಬೆ ಕಾನೂನಾಗಿದ್ದರೆ ಸಹಿಯ ಶಾಯಿ ಆರುವ ಮೊದಲೇ, 2009ರ ಆಗಸ್ಟ್‌ನಲ್ಲೇ, ರೆನಾಲ್ಡ್ಸ್ ಮತ್ತಿತರ ಕಂಪನಿಗಳು ಕೆಂಟಕಿಯ ನ್ಯಾಯಾಲಯದಲ್ಲಿ ಅದರ ವಿರುದ್ಧ ದಾವೆ ಹೂಡುತ್ತಿರಲಿಲ್ಲ. 2012ರಲ್ಲಿ ಮೇಲ್ಮನವಿ ನ್ಯಾಯಾಲಯ ಕಾಯಿದೆಯ ಬಹುಭಾಗವನ್ನು ಎತ್ತಿಹಿಡಿಯಿತು. 2020ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಮೆಂಥಾಲ್ ಸಿಗರೇಟಿನ ಮಾರಾಟ ನಿಂತಿತು. ಕ್ಯಾಲಿಫೋರ್ನಿಯಾದ ನಿಷೇಧವನ್ನು 2022ರ ನವೆಂಬರ್‌ನಲ್ಲಿ ಅಲ್ಲಿನ ಮತದಾರರೇ ಎತ್ತಿಹಿಡಿದರು. ತಡೆಯಾಜ್ಞೆ ಕೋರಿ ಸುಪ್ರೀಂ ಕೋರ್ಟಿಗೆ ಓಡಿದ ರೆನಾಲ್ಡ್ಸ್ ಡಿಸೆಂಬರ್‌ನಲ್ಲಿ ಬರಿಗೈಯಲ್ಲಿ ಹಿಂದಿರುಗಿತು.

ದೇಶಕ್ಕೆಲ್ಲ ಅನ್ವಯಿಸುವ ಮೆಂಥಾಲ್ ನಿಷೇಧವನ್ನು ಎಫ್‌ಡಿಎ 2022ರ ಏಪ್ರಿಲ್‌ನಲ್ಲಿ ಪ್ರಸ್ತಾಪಿಸಿತು. ಶ್ವೇತಭವನ ಅದನ್ನು ಮುಂದೂಡುತ್ತ ಹೋಯಿತು. ಕಪ್ಪು ಸಮುದಾಯದ ಕೆಲವು ಹೆಸರಾಂತ ಧರ್ಮಗುರುಗಳೂ, ನಿಷೇಧ ಬಂದರೆ ಪೊಲೀಸರ ಕಿರುಕುಳ ಹೆಚ್ಚುತ್ತದೆ ಎಂದು ವಿರೋಧದ ಸಾಲಿನಲ್ಲಿ ನಿಂತರು. ಪೊಲೀಸರ ಬಗೆಗಿನ ಆ ಭಯ ನಿಜವಾದದ್ದು, ಆದರೆ ಆ ನಿಯಮ ತಯಾರಕರಿಗೆ ಮತ್ತು ಮಾರಾಟಗಾರರಿಗೆ ಅನ್ವಯಿಸುವಂಥದ್ದು. ಮೆಂಥಾಲ್ ಸೇದುವವನನ್ನೋ ಜೇಬಿನಲ್ಲಿ ಇಟ್ಟುಕೊಂಡವನನ್ನೋ ಹಿಡಿಯುವ ಅಧಿಕಾರ ಅದರಲ್ಲಿರಲಿಲ್ಲ. 2025ರ ಜನವರಿಯಲ್ಲಿ ಹೊಸ ಆಡಳಿತ ಬಂದ ಕೂಡಲೇ ಪ್ರಸ್ತಾಪವನ್ನು ಹಿಂತೆಗೆದುಕೊಂಡಿತು. ಆ ನಿಯಮವನ್ನು ಮತ್ತೆ ಹೊರಡಿಸಲು ಹೊಸ ಕಾನೂನು ಬೇಕಿಲ್ಲ, 2009ರಲ್ಲಿ ಪಡೆದ ಅಧಿಕಾರವೇ ಸಾಕು. ಮೆಥಡಿಸ್ಟರು, ಬ್ಯಾಪ್ಟಿಸ್ಟರು, ಅಡ್ವೆಂಟಿಸ್ಟರು, ಮುಸ್ಲಿಮರು, ಯೆಹೂದಿಗಳು ಈಗ ಮತ್ತೆ ಸರ್ಕಾರದ ಬಾಗಿಲು ತಟ್ಟಬೇಕು. ಈ ಸಲ ಅವರ ಮುಂದಿನ ಸಾಲಿನಲ್ಲಿ ಫಿಲಡೆಲ್ಫಿಯಾದ, ಹಾರ್ಲೆಮ್ಮಿನ ಕಪ್ಪು ಚರ್ಚುಗಳು ನಿಲ್ಲಬೇಕು.